ಮೊದಲು ನಿನ್ನ ಅಂಗಳದ ಮಳೆ ಅಳೆ

ಮಗಳೇ, ಬೆಳಗಾಗುತ್ತಲೇ ಹವಾಮಾನ ಮಾಡೆಲ್‌ಗಳ ನಕ್ಷೆ ತೆರೆದು ಕೂರುವ ನಿನ್ನ ಹುಚ್ಚು ನನಗೆ ತುಂಬಾ ಇಷ್ಟ. ಆದರೆ ಮೊನ್ನೆ ಸ್ಟೇಟಸ್‌ಗೆ ಹಾಕಿದ್ದೆಯಲ್ಲ, ಹತ್ತು ದಿನ ಮುಂದಿನ ಮಳೆ ತೋರಿಸುವ ಕೆಂಪು ಚಿತ್ರ, ಅದರ ಬಗ್ಗೆ ಒಂದು ಮಾತು. ಅಂಥದ್ದನ್ನು ನಂಬಿ ಕಾಫಿ ಕೊಯ್ಲಿಗೆ ಹೇಳಿದ್ದ ಆಳುಗಳನ್ನು ಬೇಡವೆನ್ನುವವರು ನಮ್ಮ ಮೂಡಿಗೆರೆ ಸೀಮೆಯಲ್ಲಿ ಇದ್ದಾರೆ.

ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ 4 ಸಲ ಹೊಸ ಲೆಕ್ಕ ಹಾಕುತ್ತದೆ. ಬೆಳಿಗ್ಗೆ ತೋರಿಸಿದ ವಾಯುಭಾರ ಕುಸಿತ ಸಂಜೆಯ ಲೆಕ್ಕದಲ್ಲಿ ಮಾಯವಾಗಬಹುದು. ಇದಕ್ಕೆ ಕಾರಣ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್‌ಗೆ 1961ರಲ್ಲೇ ಕಂಡಿತ್ತು. 0.506127 ಎಂಬ ಸಂಖ್ಯೆಯನ್ನು 0.506 ಎಂದು ಮೊಟಕುಗೊಳಿಸಿ ಕಂಪ್ಯೂಟರಿಗೆ ಕೊಟ್ಟಾಗ, ಎರಡನೇ ತಿಂಗಳ ಲೆಕ್ಕದ ಹೊತ್ತಿಗೆ ಹವೆ ಪೂರಾ ಬೇರೆ ದಾರಿ ಹಿಡಿದಿತ್ತು. ಅದಕ್ಕೇ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದವರು ಆರಂಭದ ಸ್ಥಿತಿಯನ್ನು ಚೂರುಚೂರು ಬದಲಿಸಿ 50 ಲೆಕ್ಕ ಹಾಕುವುದು. ನೀನು ನೋಡಬೇಕಾದ್ದು ಆ ಐವತ್ತನ್ನು. ಅವು ಒಂದೇ ಕಡೆ ವಾಲಿದ್ದರೆ ಮಾತಾಡು. ಚೆದುರಿದ್ದರೆ, ಚೆದುರಿವೆ ಎಂದೇ ಹೇಳು. ಜನ ಅದನ್ನೂ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ನಮ್ಮ ಪಶ್ಚಿಮ ಘಟ್ಟದ ವಿಚಾರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಹತ್ತು ಹದಿಮೂರು ಕಿ.ಮೀ. ಚೌಕಕ್ಕೆ ಒಂದು ಅಂಕಿ ಕೊಡುವ ಮಾಡೆಲ್‌ಗೆ ನಮ್ಮ ಒಂದೊಂದು ಗುಡ್ಡ, ಒಂದೊಂದು ಕಣಿವೆ ಕಾಣುವುದಿಲ್ಲ. ಅವನ್ನು ಕಾಣಬೇಕಾದವಳು ನೀನು.

ಆದ್ದರಿಂದ ಒಂದು ಮಳೆಮಾಪಕ ಇಟ್ಟುಕೋ. ಸೂರಿನ ನೀರು ಸಿಡಿಯಬಾರದು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರವಿರಲಿ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೇ ಅಳೆ, ಆಗ ನಿನ್ನ ಅಂಕಿಯನ್ನು ಅವರದ್ದರ ಪಕ್ಕ ಇಡಬಹುದು. ಮಳೆ ಬಾರದ ದಿನ ಸೊನ್ನೆ ಬರೆ. ಊರಲ್ಲಿಲ್ಲದೆ ಅಳೆಯದ ದಿನಕ್ಕೆ ಮಾತ್ರ ಸೊನ್ನೆ ಬರೆಯಬೇಡ, ಗೀಟು ಹಾಕು. ಈ ವ್ಯತ್ಯಾಸ ಉಳಿಸದ ಎಷ್ಟೋ ತೋಟದ ಪುಸ್ತಕಗಳು ಸಂಶೋಧನೆಗೆ ಬಾರದೆ ಹೋಗಿವೆ ಎಂಬ ಸಂಕಟ ನನಗಿದೆ.

ಅಳತೆಯ ಪಕ್ಕದಲ್ಲೇ ಹಿಂದಿನ ದಿನ ನೀನು ಹೇಳಿದ ಮುನ್ಸೂಚನೆಯನ್ನೂ ಬರೆ. ಮಳೆಯ ಸಾಧ್ಯತೆ ನೂರಕ್ಕೆ ಎಪ್ಪತ್ತು ಎಂದು ಹತ್ತು ಸಲ ಹೇಳಿದ್ದರೆ, ಸುಮಾರು ಏಳು ಸಲ ಮಳೆ ಬಂದಿರಬೇಕು. ಹತ್ತಕ್ಕೆ ಹತ್ತೂ ಬಂದಿದ್ದರೆ ನೀನು ಅಂಜಿ ಹೇಳುತ್ತಿದ್ದೀಯ ಎಂದು ಲೆಕ್ಕ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನ ಮಾಡಿದ ಸುಲೋಚನಾ ಗಾಡ್ಗೀಳ್ ಅವರು ಪಾವಗಡದ ಶೇಂಗಾ ರೈತರ ಜೊತೆ ಕೂತು, ಬಿತ್ತನೆ ಯಾವಾಗ ಎಂಬ ಅವರ ಪ್ರಶ್ನೆಯನ್ನೇ ತಮ್ಮ ಪ್ರಶ್ನೆ ಮಾಡಿಕೊಂಡಿದ್ದರು. ನೀನೂ ಹಾಗೆ ಕೇಳುತ್ತಾ ಹೋಗು. ಕಾಫಿ ಅರಳಿಸುವ ಹೂಮಳೆ ಯಾವಾಗ, ಅದಾದ ಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ, ಕಣದಲ್ಲಿ ಬೀಜ ಒಣಗಲು ಎಷ್ಟು ಬಿಸಿಲು ಬೇಕು ಎನ್ನುವುದನ್ನು ತೋಟದವರ ಬಾಯಿಂದಲೇ ತಿಳಿ.

ನಿಮ್ಮ ಅಜ್ಜನ ಮಳೆ ಪುಸ್ತಕಗಳು ಅಟ್ಟದ ಮೇಲಿವೆ. ಎಲ್ಲಾ ಇಂಚು, ಸೆಂಟಿನ ಲೆಕ್ಕ. 100 ಸೆಂಟಿಗೆ, ಅಂದರೆ ಒಂದು ಇಂಚಿಗೆ, 25.4 ಮಿ.ಮೀ. ಗೆದ್ದಲು ಹತ್ತುವ ಮೊದಲು ಇಳಿಸಿ, ಈ ರಜೆಯಲ್ಲಿ ಕಂಪ್ಯೂಟರಿಗೆ ಹಾಕಲು ಶುರುಮಾಡು. ಅಂಕಿ ಓದಿ ಹೇಳಲು ನಾನು ಬರುತ್ತೇನೆ.