ಮಾಡ, ನೆಲುವು, ಹಗೇವು

ಕಲಬುರಗಿ ಜಿಲ್ಲೆಯ ಯಡ್ರಾಮಿ 2018ರವರೆಗೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಊರು. ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಸುತ್ತಲೂ ಜೋಳ, ತೊಗರಿ, ಹತ್ತಿ ಬೆಳೆಯುವ ಕರಿಮಣ್ಣಿನ ಬಯಲು. ಮಳೆ ಕೈಹಿಡಿದರೆ ಸುಗ್ಗಿ, ಕೈಬಿಟ್ಟರೆ ಬರ. ಇಂಥ ಸೀಮೆಯಲ್ಲಿ ಬೆಳೆದುದನ್ನು ಕಾಪಾಡಿಕೊಳ್ಳುವುದು ಬೆಳೆಯುವುದರಷ್ಟೇ ದೊಡ್ಡ ವಿದ್ಯೆ. ಹಿಂಗಾರಿ ಜೋಳ ಮನೆಗೆ ಬಂದ ಮೇಲೆ ಮುಂದಿನ ರಾಶಿಯಾಗುವವರೆಗೆ ಮನೆಮಂದಿಯ ರೊಟ್ಟಿಯೆಲ್ಲ ಅದರಿಂದಲೇ ಆಗಬೇಕು. ನಡುವೆ ಸುಡುವ ಬೇಸಿಗೆಯೊಂದು, ತೇವದ ಮಳೆಗಾಲವೊಂದು. ಇವೆರಡನ್ನೂ ದಾಟಿಸುವ ಹೊಣೆ ಮನೆಯಾಕೆಯದಾಗಿತ್ತು.

ಈ ಭಾಗದ ಹಳೆಯ ಮಾಳಿಗೆ ಮನೆಯ ಅಡುಗೆಕೋಣೆಯನ್ನು ಹೊಕ್ಕವರಿಗೆ ಅದು ಇಕ್ಕಟ್ಟಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಗೋಡೆಯ ದಪ್ಪವೂ ವ್ಯರ್ಥವಾಗುತ್ತಿರಲಿಲ್ಲ. ಕಲ್ಲು ಮಣ್ಣಿನ ಆ ದಪ್ಪ ಗೋಡೆಯಲ್ಲಿಯೇ ಮಾಡಗಳನ್ನು ಬಿಡುತ್ತಿದ್ದರು. ಒಲೆಯ ಪಕ್ಕದ ಮಾಡದಲ್ಲಿ ಉಪ್ಪು, ಖಾರ, ಅರಿಸಿನ. ಕುಳಿತು ಅಡುಗೆ ಮಾಡುತ್ತಿದ್ದ ಕಾಲವಾದುದರಿಂದ ಆ ಮಾಡದ ಎತ್ತರವೂ ಕುಳಿತವರ ಕೈಗೆ ತಕ್ಕಂತಿತ್ತು. ಒಲೆಯ ಬಿಸಿಯಿಂದ ಉಪ್ಪು ನೀರೊಡೆಯುತ್ತಿರಲಿಲ್ಲವೆಂಬುದು ಇನ್ನೊಂದು ಲಾಭ. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಮೊಸರು, ಬೆಣ್ಣೆ. ಬೆಕ್ಕಿಗೆ ಎಟುಕದು, ಸುತ್ತಲೂ ಗಾಳಿಯಾಡುವುದು, ನೆಲದ ಜಾಗವೂ ಉಳಿಯುವುದು.

ಮೂಲೆಯಲ್ಲಿ ಅಡಕಲು ಗಡಿಗೆಗಳು. ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಮತ್ತೂ ಚಿಕ್ಕದು; ಒಂದು ಗಡಿಗೆಯ ಜಾಗದಲ್ಲಿ ಐದಾರು ಗಡಿಗೆ. ಆದರೆ ಇದರಲ್ಲೊಂದು ತೊಡಕುಂಟು: ತಳದ ಗಡಿಗೆಗೆ ಕೈಹಾಕಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು. ಆದಕಾರಣ ಬಿತ್ತನೆಯ ಬೀಜ ತಳದಲ್ಲಿ, ಹಬ್ಬಕ್ಕೆ ಬೇಕಾದುದು ನಡುವೆ, ದಿನಬಳಕೆಯದು ಮೇಲೆ. ಯಾವ ವಸ್ತು ಎಷ್ಟು ದಿನಕ್ಕೊಮ್ಮೆ ಬೇಕಾಗುತ್ತದೆಂಬ ಲೆಕ್ಕವೇ ಆ ಅಡಕಲಿನ ಕ್ರಮ. ಜಾಗವನ್ನು ಹಿಗ್ಗಿಸುವುದು ಈ ಲೆಕ್ಕವೇ ಹೊರತು ಗಡಿಗೆಗಳ ಸಂಖ್ಯೆಯಲ್ಲ.

ಪ್ರತಿಯೊಂದು ಧಾನ್ಯದ ಸ್ವಭಾವವನ್ನೂ ಅರಿತಿರಬೇಕಾಗಿತ್ತು. ಇಡೀ ತೊಗರಿಕಾಳಿನ ಮೇಲೆ ಹುಳು ಮೊಟ್ಟೆಯಿಡುತ್ತದೆ. ಮರಿ ಕಾಳನ್ನು ಕೊರೆದು ಒಳಸೇರುತ್ತದೆ. ಒಡೆದ ಬೇಳೆಯಲ್ಲಿ ಅದರ ಹಾವಳಿ ಕಡಿಮೆ. ಆದುದರಿಂದ ತಿನ್ನುವ ತೊಗರಿಯನ್ನು ಬೇಳೆ ಮಾಡಿ, ಚೆನ್ನಾಗಿ ಒಣಗಿಸಿ ತುಂಬುತ್ತಿದ್ದರು. ಬೀಜದ ಕಾಳನ್ನು ಒಡೆಯುವಂತಿಲ್ಲವಷ್ಟೆ. ಅದಕ್ಕೆ ಬೂದಿ ಬೆರೆಸುತ್ತಿದ್ದರು.

ಅಡುಗೆಮನೆಯಲ್ಲಿ ಹಿಡಿಸದಷ್ಟು ಜೋಳಕ್ಕೆ ಹಗೇವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದು, ಹೊಟ್ಟೆ ಅಗಲವಾಗುವಂತೆ ಅಗೆದು, ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಹೊದಿಸಿ ಮಣ್ಣು ಮೆತ್ತುತ್ತಿದ್ದರು. ಧಾನ್ಯಕ್ಕೂ ಉಸಿರಾಟವುಂಟು. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳುಗಳೆರಡೂ ಉಸಿರಾಡಿ ಆಮ್ಲಜನಕ ಕುಗ್ಗುತ್ತದೆ, ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ. ಹುಳು ಸಾಯುತ್ತದೆ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. 1876ರಿಂದ 1878ರವರೆಗೆ ದಖ್ಖನ್ನನ್ನು ಸುಟ್ಟ ಬರದಂಥ ಕಾಲದಲ್ಲಿ ಹಗೇವು ತುಂಬಿದ ಮನೆಗೂ ಬರಿದಾದ ಮನೆಗೂ ಇದ್ದ ಅಂತರ ಬದುಕು ಸಾವುಗಳ ಅಂತರವಾಗಿತ್ತು. ಆದರೆ ಹುಳುವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಬಿಡದು. ಬಾಯಿ ತೆರೆದೊಡನೆ ಒಳಗಿಳಿದು ಪ್ರಾಣ ಕಳೆದುಕೊಂಡವರುಂಟು. ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಸಿ ನೋಡುವುದು ಹಿರಿಯರ ರೂಢಿ. ದೀಪ ನಂದಿದರೆ ಅಪಾಯ ನಿಶ್ಚಯ; ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ಮಾತ್ರ ತಿಳಿಯಲಾಗದು.

ಇದೇ ಬಗೆಯ ಲೆಕ್ಕವನ್ನು ದೂರದ ಜರ್ಮನಿಯಲ್ಲಿಯೂ ಒಬ್ಬ ಮಹಿಳೆ ಮಾಡಿದರು. 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ವಸತಿಗಳಿಗಾಗಿ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದರು. ಅಕ್ಕಿ, ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಸೆಳೆಖಾನೆಗಳು. ಹಿಟ್ಟಿಗೆ ಮಾತ್ರ, ಹುಳು ಬಾರದಿರಲೆಂದು, ಓಕ್ ಮರದ ಪೆಟ್ಟಿಗೆ. ಆ ಸೆಳೆಖಾನೆಗಳು ಮಕ್ಕಳ ಕೈಗೂ ಎಟುಕುತ್ತಿದ್ದವೆಂಬ ದೂರು ಅನಂತರ ಕೇಳಿಬಂದಿತು!

ಇಂದಿನ ಸಿಮೆಂಟಿನ ಮನೆಯ ತೆಳುಗೋಡೆಯಲ್ಲಿ ಮಾಡಕ್ಕೆ ಎಡೆಯಿಲ್ಲ. ನಿಂತು ಅಡುಗೆ ಮಾಡುವುದರಿಂದ ಅಳತೆಯೂ ಬದಲಾಗಿದೆ. ಸೊಂಟದಿಂದ ಕಣ್ಣಿನವರೆಗಿನ ಎತ್ತರವೇ ಈಗ ಬೆಲೆಯುಳ್ಳ ಜಾಗ. ದಿನಬಳಕೆಯ ಡಬ್ಬಿಗಳು ಅಲ್ಲಿರಬೇಕು. ಭಾರವಾದುದು ಕೆಳಗೆ, ಹಗುರಾದ ಅಪರೂಪದ ವಸ್ತು ಅಟ್ಟದ ಮೇಲೆ. ಆದರೆ ಅನೇಕ ಮನೆಗಳಲ್ಲಿ ಆ ಬೆಲೆಯುಳ್ಳ ಜಾಗವನ್ನು ಮದುವೆಯಲ್ಲಿ ಬಂದ, ಎಂದೂ ಒಲೆ ಕಾಣದ ಹೊಳೆಯುವ ಪಾತ್ರೆಗಳು ಆಕ್ರಮಿಸಿರುತ್ತವೆ. ಬೇಳೆಯ ಡಬ್ಬಿಗಾಗಿ ಮುದುಕಿ ಸ್ಟೂಲು ಹತ್ತುತ್ತಾಳೆ. ಆಳವಾದ ಕಪಾಟಿನಲ್ಲಿ ಹಿಂದಿನ ಸಾಲು ಮರೆತೇಹೋಗುತ್ತದೆ. ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದೆ ತಂದರೆ ಈ ನಷ್ಟ ತಪ್ಪುತ್ತದೆ. ಪಡಿತರದ ಅಕ್ಕಿಯ ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಟ್ಟರೆ ತೇವ ಏರದು.

ಹಳೆಯ ಹಗೇವುಗಳಲ್ಲಿ ಹೆಚ್ಚಿನವು ಈಗ ಮುಚ್ಚಿಹೋಗಿವೆ. ಹೊಸ ಧಾನ್ಯ ತುಂಬುವ ಮೊದಲು ಅಡಕಲನ್ನೆಲ್ಲ ಇಳಿಸಿ, ಗಡಿಗೆಗಳನ್ನು ಬಿಸಿಲಿಗಿಟ್ಟು, ಉಳಿದ ಕಾಳನ್ನು ಮೊರದಲ್ಲಿ ಹಸನುಮಾಡುವ ಕೆಲಸ ಡಬ್ಬಿಗಳ ಕಾಲದಲ್ಲಿಯೂ ಸಾಧ್ಯ. ವರ್ಷಕ್ಕೊಮ್ಮೆ ಹೀಗೆ ಕಪಾಟು ಬರಿದುಮಾಡಿದ ದಿನವೇ, ಯಾವ ಡಬ್ಬಿಯ ಮುಚ್ಚಳ ವರ್ಷವಿಡೀ ತೆರೆಯಲಿಲ್ಲವೆಂಬುದು ಗೊತ್ತಾಗುವುದು.