ಎರಡು ನದಿಗಳ ನಡುವಿನ ನೆಲ

ರಾಯಚೂರು ಸೀಮೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ತಾಲ್ಲೂಕಿನ ಬಡಗಣ ಅಂಚಿನಲ್ಲಿ ಒಂದು ನದಿ, ಮಾನ್ವಿ ತಾಲ್ಲೂಕಿನ ತೆಂಕಣ ಅಂಚಿನಲ್ಲಿ ಇನ್ನೊಂದು ನದಿ ಹರಿಯುತ್ತದೆ. ರಾಯಚೂರು ನಗರವು ಇವೆರಡರ ನಡುವೆ ನೆಲೆಸಿದೆ. ಇತಿಹಾಸಕಾರರು ಈ ಪ್ರದೇಶವನ್ನು ‘ರಾಯಚೂರು ದೋಆಬ್’ ಎಂದು ಕರೆಯುತ್ತಾರೆ. ಎರಡು ನೀರುಗಳ ನಡುವಿನ ನಾಡು ಎಂಬುದು ಆ ಪಾರಸಿ ಶಬ್ದದ ಅರ್ಥ. ಈ ನೆಲಕ್ಕಾಗಿ ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ ತಲೆತಲಾಂತರದಿಂದ ಯುದ್ಧಗಳು ನಡೆದವು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರು ಕೋಟೆಯನ್ನು ವಶಪಡಿಸಿಕೊಂಡನು.

ಎರಡು ಮಹಾನದಿಗಳ ನಡುವಿನ ನಾಡಿನಲ್ಲಿ ನೀರಿಗೆ ಕೊರತೆ ಇರಲಾರದೆಂದು ದೂರದವರು ಊಹಿಸುವುದು ಸಹಜ. ಆದರೆ ಬರಗಾಲವು ಈ ಸೀಮೆಗೆ ಹೊಸ ಅತಿಥಿಯಲ್ಲ. ಮಳೆ ತಪ್ಪಿದ ವರ್ಷಗಳಲ್ಲಿ ಇಲ್ಲಿಯ ಕುಟುಂಬಗಳು ಕೆಲಸವನ್ನರಸಿ ದೂರದ ನಗರಗಳಿಗೆ ಗುಳೆ ಹೋಗುವುದುಂಟು. ಗಂಗಾ ಯಮುನೆಗಳ ನಡುವಿನ ದೋಆಬು ಸಮೃದ್ಧವಾಗಿರುವಾಗ ಕೃಷ್ಣಾ ತುಂಗಭದ್ರೆಯರ ನಡುವಿನ ದೋಆಬು ಏಕೆ ಬಾಯಾರಿರುತ್ತದೆ? ಗಂಗೆಯ ಬಯಲು ಹಿಮಾಲಯದಿಂದ ಹರಿದು ಬಂದ ಮರಳು ಮತ್ತು ಮೆಕ್ಕಲಿನಿಂದ ತುಂಬಿದ್ದು, ಅದರ ಆಳ ನೂರಾರು ಮೀಟರು. ಆ ಮರಳಿನ ಪದರಗಳು ನೀರನ್ನು ಹೀರಿಕೊಂಡು ದೊಡ್ಡ ಭಂಡಾರದಂತೆ ಇಟ್ಟುಕೊಳ್ಳುತ್ತವೆ. ರಾಯಚೂರಿನಲ್ಲಾದರೋ ಕೆಲವು ಮೀಟರು ಅಗೆಯುವಷ್ಟರಲ್ಲಿ ಹಾರೆ ಬಂಡೆಗೆ ತಾಗಿ ಕಿಡಿಯೇಳುತ್ತದೆ. ನದಿಗಳೂ ಬಹುಮಟ್ಟಿಗೆ ಬಂಡೆಯನ್ನೇ ಕೊರೆದುಕೊಂಡು ಊರು ಹೊಲಗಳಿಗಿಂತ ತಗ್ಗಿನಲ್ಲಿ ಹರಿಯುತ್ತವೆ. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಮೊದಲು ಕಲ್ಲಿನಲ್ಲಿ ಹುಡುಕಬೇಕು.

ಈ ಸೀಮೆಯ ತಳಪಾಯವಾಗಿರುವ ಶಿಲೆಗಳು ಗ್ರಾನೈಟ್ ಮತ್ತು ನೈಸ್. ಭೂಮಿಯ ಒಡಲಿನಲ್ಲಿ, ಅನೇಕ ಕಿಲೋಮೀಟರುಗಳ ಆಳದಲ್ಲಿ, ಕರಗಿದ ಶಿಲಾಪಾಕವು ಬಹು ನಿಧಾನವಾಗಿ ತಣಿದು ಗಟ್ಟಿಯಾದಾಗ ಗ್ರಾನೈಟ್ ಉಂಟಾಯಿತು. ನಿಧಾನವಾಗಿ ತಣಿದುದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು: ಗಾಜಿನಂತೆ ಹೊಳೆಯುವುದು ಬೆಣಚು, ಬಿಳಿ ಅಥವಾ ನಸುಗೆಂಪು ಬಣ್ಣದ್ದು ಫೆಲ್ಡ್‌ಸ್ಪಾರ್, ಕಪ್ಪು ಚುಕ್ಕಿಯಂತಿರುವುದು ಅಭ್ರಕ. ಅಂಥ ಶಿಲೆಯು ಭೂಮಿಯೊಳಗಿನ ಒತ್ತಡಕ್ಕೂ ಕಾವಿಗೂ ಸಿಕ್ಕಿ ಹರಳುಗಳು ಪಟ್ಟೆಪಟ್ಟೆಯಾಗಿ ಹೊಂದಿಕೊಂಡರೆ ಅದು ನೈಸ್ ಎನಿಸುತ್ತದೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಹಿಮಾಲಯ ಪರ್ವತಗಳು ಮೇಲೇಳಲು ತೊಡಗಿದ್ದು ಐದು ಕೋಟಿ ವರ್ಷಗಳ ಹಿಂದೆ ಎಂಬುದನ್ನು ನೆನೆದರೆ ರಾಯಚೂರಿನ ಬಂಡೆಗಳ ಹಿರಿತನ ತಿಳಿಯುತ್ತದೆ.

ಇವುಗಳ ನಡುವೆ ಅಲ್ಲಲ್ಲಿ ಇನ್ನೊಂದು ಬಗೆಯ ಹಳೆಯ ಶಿಲೆಗಳ ಪಟ್ಟಿಗಳಿವೆ. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಬಳಿ ಕಾಣುವ ಕಪ್ಪು ಹಸುರು ಬಣ್ಣದ ಶಿಲೆಯು ಪ್ರಾಚೀನ ಕಾಲದಲ್ಲಿ ನೀರಿನಡಿಯಲ್ಲಿ ಉಕ್ಕಿ ಹರಿದ ಲಾವಾರಸ. ಅದು ಮುಂದೆ ರೂಪಾಂತರ ಹೊಂದಿತು. ಅದರ ಬಿರುಕುಗಳಲ್ಲಿ ಬಿಸಿನೀರು ಹರಿದು ಬೆಣಚನ್ನೂ ಚಿನ್ನವನ್ನೂ ಇಳಿಸಿತು. ಹಟ್ಟಿಯ ಗಣಿ ಇಂದಿಗೂ ದೇಶದ ಪ್ರಮುಖ ಚಿನ್ನದ ಗಣಿಯಾಗಿದೆ. ಪದರಶಿಲೆಯನ್ನು ನೋಡಬೇಕಾದರೆ ಗಣಿಗೂ ಬೆಟ್ಟಕ್ಕೂ ಹೋಗಬೇಕಾಗಿಲ್ಲ. ಈ ಭಾಗದ ಎಷ್ಟೋ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿನ ಪರಸಿಯು ಸುಣ್ಣಶಿಲೆ. ಭೀಮಾ ಕಣಿವೆಯಲ್ಲಿ ಒಂದು ಕಾಲಕ್ಕೆ ಇದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂಡಿ ಗಟ್ಟಿಯಾದ ಕೆಸರು ಅದು. ಪದರಗಳಾಗಿ ಕೂಡಿದ್ದರಿಂದಲೇ ಹಲಗೆಯಂತೆ ಸೀಳುತ್ತದೆ.

ಗ್ರಾನೈಟ್ ಹೀಗೆ ಸುಲಭವಾಗಿ ಸೀಳುವ ಕಲ್ಲಲ್ಲ. ಆದರೂ ಕಲ್ಲುಕುಟಿಗರು ಅದರ ಮೈಯಲ್ಲಿರುವ ಬಿರುಕಿನ ಜಾಡನ್ನು ಬಲ್ಲರು. ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ಶಾಸನವು 1294ರಲ್ಲಿ, ಕಾಕತೀಯರ ಕಾಲದಲ್ಲಿ, ಆ ಕೋಟೆ ಕಟ್ಟಲ್ಪಟ್ಟುದನ್ನು ತಿಳಿಸುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಸಿ ತಂದ ಬಗೆಯನ್ನೂ ಅಲ್ಲಿಯೇ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ಬರೆದಿಟ್ಟ ಶಾಸನಕ್ಕಿಂತ ಈ ಚಿತ್ರವೇ ಆ ಕಾಲದ ಶ್ರಮವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ ಎನ್ನಬಹುದು.

ಆಳದಲ್ಲಿ ಹುಟ್ಟಿದ ಈ ಶಿಲೆ ನೆಲದ ಮೇಲಕ್ಕೆ ಹೇಗೆ ಬಂದಿತು? ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ದಪ್ಪದ ಹೊದಿಕೆಯು ಕೋಟ್ಯಂತರ ವರ್ಷಗಳ ಮಳೆ ಗಾಳಿ ಹೊಳೆಗಳಿಂದ ಸವೆದು ಹೋಯಿತು. ಹೊರೆ ಇಳಿದಾಗ ಶಿಲೆಯು ಸ್ವಲ್ಪ ಹಿಗ್ಗಿ ಬಿರಿಯಿತು. ಬಿರುಕುಗಳೊಳಗೆ ನೀರು ಇಳಿದು, ಬಂಡೆಯ ಮೂಲೆಗಳನ್ನೂ ಅಂಚುಗಳನ್ನೂ ಎರಡು ಮೂರು ಕಡೆಗಳಿಂದ ಏಕಕಾಲಕ್ಕೆ ತಿನ್ನುತ್ತ ಬಂದಿತು. ಮೂಲೆಗಳು ಹೋದ ಮೇಲೆ ಉಳಿಯುವುದು ಉರುಟಾದ ಗುಂಡು. ಮಾನ್ವಿಯ ಬೆಟ್ಟದಲ್ಲಿಯೂ ದೇವದುರ್ಗದ ಸುತ್ತಣ ಗುಡ್ಡಗಳಲ್ಲಿಯೂ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಗುಂಡುಕಲ್ಲುಗಳನ್ನು ಯಾರೂ ಪೇರಿಸಿದ್ದಲ್ಲ. ಅವುಗಳ ನಡುವಣ ಕಲ್ಲು ಕೊಳೆತು ಜಾರಿ ಹೋಗಿದೆ, ಅಷ್ಟೆ. ಹೀಗೆ ಶಿಲೆಯು ಇದ್ದಲ್ಲಿಯೇ ಸಡಿಲಗೊಂಡು ಒಡೆಯುವುದಕ್ಕೆ ಶಿಥಿಲೀಕರಣವೆಂದು ಹೆಸರು.

ಈ ಕ್ರಿಯೆ ಎಷ್ಟು ನಿಧಾನವೆಂಬುದಕ್ಕೆ ಮಸ್ಕಿಯಲ್ಲಿ ಒಂದು ಸಾಕ್ಷಿಯಿದೆ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನವಿರುವುದು 1915ರಲ್ಲಿ ಬೆಳಕಿಗೆ ಬಂದಿತು. ಅದನ್ನು ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದನ್ನು ಖಚಿತಪಡಿಸಿದ ಶಾಸನವಿದು. ಎರಡು ಸಾವಿರದ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದರೂ ಉಳಿಯಿಂದ ಕೊರೆದ ಅಕ್ಷರಗಳನ್ನು ಓದಲು ಸಾಧ್ಯವಾಗಿದೆ. ಮಣ್ಣು ಇಂಥ ಕಲ್ಲಿನಿಂದಲೇ ಹುಟ್ಟಬೇಕು. ಒಂದು ಅಂಗುಲ ಮಣ್ಣು ಮಳೆಗೆ ಕೊಚ್ಚಿಹೋದರೆ ಅದನ್ನು ಮತ್ತೆ ಪಡೆಯಲು ಒಬ್ಬ ರೈತನ ಆಯುಷ್ಯ ಸಾಲದು.

ಶಿಥಿಲಗೊಂಡ ಕಲ್ಲಿನಲ್ಲಿ ಬೆಣಚು ಕರಗದೆ ಮರಳಾಗಿ ಉಳಿಯುತ್ತದೆ, ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಅಭ್ರಕದಲ್ಲಿನ ಕಬ್ಬಿಣವು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಎತ್ತರದ, ಇಳಿಜಾರಿನ ಹೊಲಗಳಲ್ಲಿರುವ ಈ ಕೆಂಪು ಮಣ್ಣೇ ಮಸಾರಿ. ಅದು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ತಗ್ಗಿನ ಬಯಲುಗಳಲ್ಲಿ ಹರಡಿರುವುದು ಎರೆಮಣ್ಣು. ಕರಾವಳಿಯಂತಹ ಹೆಚ್ಚು ಮಳೆಯ ನಾಡಿನಲ್ಲಿ ಕಲ್ಲಿನಲ್ಲಿದ್ದ ಸುಣ್ಣ ಮತ್ತು ಮೆಗ್ನೀಸಿಯಂ ತೊಳೆದು ಹೋಗಿ ಮುರಕಲ್ಲು ಉಳಿಯುತ್ತದೆ. ರಾಯಚೂರಿನಂತಹ ಕಡಿಮೆ ಮಳೆಯ ನಾಡಿನಲ್ಲಿ ಅವು ಅಲ್ಲಿಯೇ ನಿಂತು ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜಿಗುಟು ಜೇಡಿಯನ್ನು ಹುಟ್ಟಿಸುತ್ತವೆ. ಕೃಷ್ಣೆ ಮತ್ತು ಭೀಮೆಯರ ದಂಡೆಗಳಲ್ಲಿ ಇದರೊಡನೆ ಇನ್ನೊಂದು ಮೂಲವೂ ಸೇರಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಮಹಾರಾಷ್ಟ್ರದಿಂದ ವಿಜಯಪುರದವರೆಗೆ ಹರಡಿದ ಲಾವಾ ಶಿಲೆಯ ಕಪ್ಪು ಮೆಕ್ಕಲನ್ನು ಆ ನದಿಗಳು ಹೊತ್ತು ತಂದಿವೆ.

ಬೇಸಗೆಯಲ್ಲಿ ಎರೆಭೂಮಿಯು ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಮೇಲಿನ ಮಣ್ಣು ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ, ಕೆಳಗಿನ ಬಂಡೆಗೆ ಮಾತ್ರ ನೀರನ್ನು ಬಿಡುವುದಿಲ್ಲ. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳವೂ ಕಡಲೆಯೂ ಒಂದು ಹನಿ ಮಳೆ ಬೀಳದಿದ್ದರೂ ಈ ಹಿಡಿದಿಟ್ಟ ತೇವದಿಂದಲೇ ಕಾಳು ಕಟ್ಟುತ್ತವೆ. ಆದರೆ ಅಂಥ ಹೊಲದ ಪಕ್ಕದ ಬಾವಿಯು ಮಾರ್ಚ್ ತಿಂಗಳಿಗೇ ಬತ್ತಿರುವುದು ಅಪರೂಪವಲ್ಲ.

ಇನ್ನು ಮಳೆಯ ವಿಚಾರ. ಮುಂಗಾರು ಮಾರುತವು ಅರಬ್ಬೀ ಸಮುದ್ರದಿಂದ ಹೊತ್ತು ತಂದ ತೇವದ ಬಹುಭಾಗವನ್ನು ಸಹ್ಯಾದ್ರಿಯ ಪಶ್ಚಿಮದ ಮಗ್ಗುಲಲ್ಲಿ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಕರಾವಳಿಯಿಂದ ಸುಮಾರು 400 ಕಿಲೋಮೀಟರು ಒಳಗಿರುವ ರಾಯಚೂರಿಗೆ 600 ಮಿಲಿಮೀಟರಿನ ಆಸುಪಾಸು ಮಾತ್ರ. ಅದರಲ್ಲಿಯೂ ಹೆಚ್ಚು ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ. ಆದುದರಿಂದಲೇ ಈ ಕಡೆಯ ರೈತನಿಗೆ ಉತ್ತರಾ ಮತ್ತು ಹಸ್ತಾ ಮಳೆಗಳ ಮೇಲೆ ಹೆಚ್ಚು ನಂಬಿಕೆ. ಕುಸಿತಗಳು ಬಾರದಿದ್ದರೆ ಬರ. ಮಿತಿಮೀರಿ ಬಂದರೆ ಪ್ರವಾಹ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಕೆಲವೇ ದಿನ ಸುರಿದ ಮಳೆಗೆ ಉತ್ತರ ಕರ್ನಾಟಕದ ನದಿಗಳು ಉಕ್ಕಿ, ರಾಯಚೂರು ಜಿಲ್ಲೆಯ ದಂಡೆಯ ಹಳ್ಳಿಗಳು ಜಲಾವೃತವಾದವು. ಉಬ್ಬಿ ಮುಚ್ಚಿಕೊಂಡ ಎರೆಮಣ್ಣಿನ ಮೇಲೆ, ಅದರಡಿಯ ಬಂಡೆಯ ಮೇಲೆ, ನೀರಿಗೆ ಹರಿಯುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಬಂಡೆಯ ನಾಡಿನಲ್ಲಿ ಅಂತರ್ಜಲವಿರುವ ಸ್ಥಳಗಳು ಎರಡೇ: ಮೇಲ್ಗಡೆಯ ಗರಸು, ಕೆಳಗಿನ ಬಿರುಕು. ಹಿಂದಿನವರು ತೋಡಿದ ಬಾವಿಗಳು ಗರಸಿನ ನೀರನ್ನು ನಂಬಿದ್ದವು. ಕೊಳವೆಬಾವಿಯು ಬಿರುಕನ್ನು ಅರಸಿ ಹೋಗುತ್ತದೆ. ಆದುದರಿಂದಲೇ ಒಂದು ಹೊಲದಲ್ಲಿ ನೀರು ಚಿಮ್ಮಿದರೆ ಹತ್ತು ಮಾರು ದೂರದಲ್ಲಿ ಬರೀ ಕಲ್ಲಿನ ಪುಡಿ ಹಾರುತ್ತದೆ. ಆಳದ ನೀರಿನಲ್ಲಿ ಇನ್ನೊಂದು ಅಪಾಯವೂ ಇದೆ. ಗ್ರಾನೈಟಿನ ಅಭ್ರಕ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿದ್ದು, ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1.5 ಮಿಲಿಗ್ರಾಮನ್ನು ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರಮಾಣ ಹೆಚ್ಚಾದಲ್ಲಿ ದೊಡ್ಡವರ ಕೀಲು ಮತ್ತು ಬೆನ್ನೆಲುಬು ಬಿಗಿಯುತ್ತವೆ. ಈ ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಈ ದೋಷ ಕಂಡುಬಂದಿದೆ. ನೀರು ತಿಳಿಯಾಗಿದ್ದು ರುಚಿ ಕೆಡದೆ ಇರುವುದರಿಂದ ಪರೀಕ್ಷಿಸದೆ ಇದನ್ನು ಅರಿಯಲಾಗದು.

ನದಿಯ ನೀರನ್ನು ಎತ್ತರದ ನೆಲಕ್ಕೆ ತರಲು ಮೇಲ್ಗಡೆ ಅಣೆಕಟ್ಟೆ ಕಟ್ಟುವುದೇ ಉಪಾಯವಾಯಿತು. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗಳಿಗೆ ನೀರು ಬಂದಿತು. ಅದರ ಎಡದಂಡೆ ಕಾಲುವೆ ಮಾನ್ವಿ, ರಾಯಚೂರು ತಾಲ್ಲೂಕುಗಳವರೆಗೆ ಸಾಗುತ್ತದೆ. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೊರೆಯಿತು. ಸೀಮೆಯ ಮುಖವೇ ಬದಲಾಯಿತು. ಆದರೆ ಜೋಳ, ಹತ್ತಿಯಂತಹ ಲಘು ಬೆಳೆಗಳನ್ನು ಮುಖ್ಯವಾಗಿ ಎಣಿಸಿ ಯೋಜಿಸಿದ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಮೇಲ್ಭಾಗದ ಗದ್ದೆ ತುಂಬಿದಾಗ ಕೊನೆಯಂಚಿನ ಹೊಲಕ್ಕೆ ನೀರು ತಲುಪುವುದಿಲ್ಲ. ಇತ್ತ ಸವೆತದಿಂದ ಬಂದ ಮಣ್ಣು ಜಲಾಶಯವನ್ನು ತುಂಬುತ್ತಿದೆ: ಆರಂಭದಲ್ಲಿ 133 ಟಿಎಂಸಿ ಅಡಿಯಿದ್ದ ಅದರ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ.

ನೀರು ಹೆಚ್ಚಾದ ಕಡೆಯ ತೊಂದರೆ ಬೇರೆ. ಎರೆಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡುವುದಿಲ್ಲ, ಬಂಡೆಯೂ ಕುಡಿಯುವುದಿಲ್ಲ. ವರ್ಷವರ್ಷವೂ ಗದ್ದೆಗೆ ಕಟ್ಟಿದ ನೀರಿನಿಂದ ಅಂತರ್ಜಲವು ಮೇಲೇರಿ ಬೇರುಗಳನ್ನು ಮುಟ್ಟುತ್ತದೆ, ಹೊಲ ಜವಳಾಗುತ್ತದೆ. ಇಲ್ಲಿಯ ಉರಿಬಿಸಿಲಿಗೆ ಆ ನೀರು ಆವಿಯಾದಾಗ, ಕಲ್ಲಿನಿಂದ ಕರಗಿ ಬಂದ ಲವಣಗಳು ನೆಲದ ಮೇಲೆ ಬೆಳ್ಳಗೆ ಹರಡಿ ಸವಳು ಕಟ್ಟುತ್ತವೆ. ಅಂಥ ಹೊಲದಲ್ಲಿ ಮೊದಲು ಬೆಳೆ ಕುಗ್ಗುತ್ತದೆ, ಬಳಿಕ ಬಿತ್ತಿದ ಬೀಜವೇ ಮೊಳೆಯುವುದಿಲ್ಲ. ಬಸಿಗಾಲುವೆ ತೋಡಿ ಹೆಚ್ಚಿನ ನೀರನ್ನು ಹೊರಕ್ಕೆ ಹರಿಸಿದರೆ ಇಂಥ ನೆಲವು ಮತ್ತೆ ಸಾಗುವಳಿಗೆ ಬರುತ್ತದೆ. ಆದರೆ ಬಸಿಗಾಲುವೆಯು ಒಬ್ಬನ ಹೊಲದಲ್ಲಿ ಮುಗಿಯುವಂಥದ್ದಲ್ಲ. ಅದು ಹಳ್ಳವನ್ನು ಸೇರುವ ತನಕ ಕೆಳಗಿನ ಎಲ್ಲ ಹೊಲಗಳನ್ನೂ ದಾಟಿ ಹೋಗಬೇಕಾಗುತ್ತದೆ.