ರಕ್ಷಣಾ ಆದೇಶ: ಅರ್ಜಿಯಲ್ಲಿ ಎಲ್ಲವನ್ನೂ ಬಿಡಿಸಿ ಬರೆಯಿರಿ

“ಕೇಸು ಹಾಕಿದ ಮೇಲೆ ಅದೇ ಮನೆಯಲ್ಲಿ ಇರೋಕಾಗುತ್ತಾ? ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?” ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣುಮಕ್ಕಳ ಬಾಯನ್ನು ವರ್ಷಗಟ್ಟಲೆ ಮುಚ್ಚಿಸಿರುವುದು ಈ ಎರಡು ಪ್ರಶ್ನೆಗಳೇ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಎರಡಕ್ಕೂ ಉತ್ತರ ಕೊಟ್ಟಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾಯ್ದೆಯಡಿ ಅರ್ಜಿ ಹಾಕಲು ಮನೆ ಬಿಡಬೇಕಿಲ್ಲ, ವಿಚ್ಛೇದನವನ್ನೂ ಕೇಳಬೇಕಿಲ್ಲ. ‘ಇನ್ನು ಮುಂದೆ ಇಂಥದ್ದನ್ನು ಮಾಡಕೂಡದು’ ಎಂದು ನ್ಯಾಯಾಲಯವೇ ದೌರ್ಜನ್ಯ ಎಸಗಿದವನಿಗೆ ಕಟ್ಟಪ್ಪಣೆ ಮಾಡುತ್ತದೆ. 18ನೇ ಕಲಮಿನ ರಕ್ಷಣಾ ಆದೇಶ ಎಂದರೆ ಅದೇ. ಹಲ್ಲೆಗೆ, ವರದಕ್ಷಿಣೆ ಕಿರುಕುಳಕ್ಕೆ ಪೊಲೀಸ್ ದೂರು ಕೊಡುವ ಹಕ್ಕು ಬೇರೆಯಾಗಿ ಇದ್ದೇ ಇರುತ್ತದೆ.

ಹೊಡೆದರೆ ಮಾತ್ರ ದೌರ್ಜನ್ಯವಲ್ಲ. ಹೀನಾಯವಾಗಿ ಬೈಯುವುದು, ಬೆದರಿಸುವುದು, ಲೈಂಗಿಕ ಬಲವಂತ, ಸಂಬಳ ಕಿತ್ತುಕೊಳ್ಳುವುದು, ಒಡವೆ ಮಾರುವುದು, ಮನೆಖರ್ಚಿಗೆ ಕಾಸು ಕೊಡದೆ ಸತಾಯಿಸುವುದು, ಎಲ್ಲವೂ ಇದರಲ್ಲಿ ಸೇರಿವೆ. ಹೆಂಡತಿಯಷ್ಟೇ ಅಲ್ಲ, ತಾಯಿ, ಅಕ್ಕತಂಗಿ, ಮಗಳು, ಮದುವೆಯಂಥದೇ ಸಂಬಂಧದಲ್ಲಿ ಒಟ್ಟಿಗೆ ಬಾಳಿದವಳು ಕೂಡ ಅರ್ಜಿ ಹಾಕಬಹುದು. ಅತ್ತೆ, ನಾದಿನಿಯರ ವಿರುದ್ಧವೂ ಅರ್ಜಿ ನಡೆಯುತ್ತದೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟಪಡಿಸಿದೆ.

ಅರ್ಜಿ ಹೋಗುವುದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ (ಜೆಎಂಎಫ್‌ಸಿ) ನ್ಯಾಯಾಲಯಕ್ಕೆ. ತವರಿಗೆ ಬಂದು ತಾತ್ಕಾಲಿಕವಾಗಿ ಉಳಿದಿದ್ದರೆ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ. ಕೋರ್ಟಿಗೆ ನೇರ ಹೋಗಲು ಅಂಜಿಕೆಯಾದರೆ ಸಂರಕ್ಷಣಾಧಿಕಾರಿಯನ್ನು ಕಾಣಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ, ಅಂದರೆ ಸಿಡಿಪಿಓಗಳಿಗೇ, ಆ ಹೊಣೆ ಇದೆ. ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಆ ಕಚೇರಿಯ ದಾರಿ ತೋರಿಸುತ್ತಾರೆ. ಅಲ್ಲಿ ನೀವು ಹೇಳಿದ್ದನ್ನು ಕೌಟುಂಬಿಕ ಘಟನಾ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಆ ವರದಿ ಇಲ್ಲದಿದ್ದರೂ ಆದೇಶ ಕೊಡಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ‘ವರದಿ ತನ್ನಿ, ಆಮೇಲೆ ನೋಡೋಣ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ.

ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಯತ್ನಿಸಬೇಕು ಎನ್ನುತ್ತದೆ ಕಾನೂನು. ವಾಯಿದೆಯ ಮೇಲೆ ವಾಯಿದೆ ಬೀಳುವುದು ಕೋರ್ಟು ಕಂಡವರಿಗೆಲ್ಲ ಗೊತ್ತು. ಅದಕ್ಕೇ ಅರ್ಜಿಯ ಜೊತೆಗೆ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನೂ ಕೇಳಲೇಬೇಕು. ನಿಮ್ಮ ಪ್ರಮಾಣಪತ್ರದಲ್ಲಿ ಮೇಲ್ನೋಟಕ್ಕೆ ದೌರ್ಜನ್ಯ ಕಂಡುಬಂದರೆ, ಎದುರುಗಾರನ ಮಾತು ಕೇಳುವ ಮೊದಲೇ ಆದೇಶ ಹೊರಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.

ಬಹುತೇಕ ಅರ್ಜಿಗಳು ಸೊರಗುವುದು ಬರವಣಿಗೆಯಲ್ಲಿ. ‘ಗಂಡ ಕಿರುಕುಳ ಕೊಡದಂತೆ ಆದೇಶಿಸಬೇಕು’ ಎಂಬ ಒಂದೇ ಸಾಲು ಬರೆದರೆ, ಆದೇಶವೂ ಅಷ್ಟೇ ಸಡಿಲವಾಗಿ ಬರಬಹುದು. ನಾಳೆ ಅವನು ಫ್ಯಾಕ್ಟರಿ ಗೇಟಿನಲ್ಲಿ ನಿಂತು ಕೂಗಾಡಿದರೆ ‘ಇದು ಕಿರುಕುಳವೇ?’ ಎಂಬ ವಾದ ಶುರುವಾಗುತ್ತದೆ. ಬದಲಿಗೆ ಹೀಗೆ ಬರೆಸಿ: ‘ನಾನು ಕೆಲಸ ಮಾಡುವ ಇಂಥ ಗಾರ್ಮೆಂಟ್ಸ್‌ಗೆ ಬರಕೂಡದು. ಮಗಳ ಶಾಲೆಗೆ ಕಾಲಿಡಕೂಡದು. ಫೋನ್, ವಾಟ್ಸ್‌ಆ್ಯಪ್, ಪತ್ರ, ಬೇರೆಯವರ ಬಾಯಿ, ಯಾವುದರ ಮೂಲಕವೂ ನನ್ನನ್ನು ಸಂಪರ್ಕಿಸಕೂಡದು. ಜಂಟಿ ಖಾತೆ, ಲಾಕರು, ನನ್ನ ಸ್ತ್ರೀಧನ ಮುಟ್ಟಕೂಡದು. ನನಗೆ ಆಸರೆಯಾಗಿರುವ ತಮ್ಮನಿಗೆ ತೊಂದರೆ ಕೊಡಕೂಡದು.’ ಇಷ್ಟನ್ನೂ ಕೇಳಲು 18ನೇ ಕಲಮಿನಲ್ಲೇ ಅವಕಾಶವಿದೆ. ಒಂದೊಂದಕ್ಕೂ ಹಿಂದೆ ನಡೆದ ಘಟನೆ, ತಾರೀಕು, ನೋಡಿದವರ ಹೆಸರು ಸೇರಿಸಿ. ತಾರೀಕು ನೆನಪಿಲ್ಲದಿದ್ದರೆ ‘ಯುಗಾದಿಯ ಮಾರನೇ ದಿನ’ ಎಂದರೂ ಆದೀತು. ಆಸ್ಪತ್ರೆಯ ಚೀಟಿ, ಮೆಸೇಜುಗಳನ್ನು ಜೋಪಾನ ಮಾಡಿ.

ಮನೆಯ ವಿಚಾರಕ್ಕೆ 19ನೇ ಕಲಮಿದೆ. ನಿಮ್ಮನ್ನು ಹೊರಹಾಕಬಾರದೆಂದು, ಅಗತ್ಯಬಿದ್ದರೆ ಅವನೇ ಮನೆಯಿಂದ ಹೊರಹೋಗಬೇಕೆಂದು ಕೋರ್ಟು ಹೇಳಬಹುದು. ಆದರೆ ಹಾಗೆ ಹೊರಹೋಗಲು ಹೆಂಗಸರಿಗೆ ಆದೇಶಿಸುವಂತಿಲ್ಲ. ‘ಮನೆ ನನ್ನ ಹೆಸರಲ್ಲಿದೆ, ಮಗನ ಹೆಸರಲ್ಲಿಲ್ಲ’ ಎಂಬ ಮಾವನ ಮಾತೊಂದರಿಂದಲೇ ಸೊಸೆಯ ವಾಸದ ಹಕ್ಕು ಹೋಗುವುದಿಲ್ಲವೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಆದೇಶ ಬಂದ ದಿನವೇ ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ಶುಲ್ಕವಿಲ್ಲ. ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೂ ಕೋರ್ಟಿನಿಂದ ಪ್ರತಿ ಹೋಗಬೇಕು. ಹೋಗಿದೆಯೇ ಎಂದು ನೀವೇ ವಿಚಾರಿಸಿಕೊಳ್ಳಿ. ರಕ್ಷಣಾ ಆದೇಶವನ್ನಾಗಲಿ, ಮಧ್ಯಂತರ ರಕ್ಷಣಾ ಆದೇಶವನ್ನಾಗಲಿ ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಜಾಮೀನುರಹಿತ ಅಪರಾಧ, ವಾರಂಟ್ ಇಲ್ಲದೆಯೂ ಪೊಲೀಸರು ಬಂಧಿಸಬಹುದು. ನಂಬಿಕೆಗೆ ಅರ್ಹವಾಗಿದ್ದರೆ ನಿಮ್ಮೊಬ್ಬರ ಸಾಕ್ಷ್ಯವೇ ಸಾಕು ಎಂದು 32ನೇ ಕಲಂ ಹೇಳುತ್ತದೆ. ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ ಎಂದು ಹೆದರುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಡ. ಹಿರಿಯರು ಕೂತು ರಾಜಿ ಮಾಡಿಸಿದ ಮಾತ್ರಕ್ಕೆ ಆದೇಶ ಬಿದ್ದುಹೋಗುವುದಿಲ್ಲ. ಅದನ್ನು ತೆಗೆಯುವುದೋ ತಿದ್ದುವುದೋ ನ್ಯಾಯಾಲಯದ ಕೈಯಲ್ಲಷ್ಟೇ ಇದೆ.

ವಕೀಲರ ಫೀಸಿಗೆ ದುಡ್ಡಿಲ್ಲವೆಂದು ತಡಮಾಡಬೇಡಿ. ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯವಿದ್ದರೆ ಮೊದಲು 112.